ಕಾಲುಗಳು ಕಾಯುವ ದಿನಗಳನ್ನು ಎಣಿಸಿದಾಕೆ

ಬೆಳಗಿನ ಆರೂವರೆ. ಎತ್ತರದ ಕಿಟಕಿಯಿಂದ ಹಾಲುಬಣ್ಣದ ಬೆಳಕು ಇಳಿಯುತ್ತಿದೆ. ನಿನ್ನೆ ಎದ್ದ ಬಿಳಿ ಪುಡಿ ಇನ್ನೂ ಗಾಳಿಯಲ್ಲೇ ತೇಲುತ್ತಿದೆ. ಮೇಜುಗಳ ಮೇಲೆ ಕಾಲುಗಳು ನಿಂತಿವೆ. ಒಂದು ಬರೀ ಅಚ್ಚು, ಒಂದಕ್ಕೆ ಪಾದ ಕೂಡಿದೆ, ಮತ್ತೊಂದಕ್ಕೆ ಮೈಬಣ್ಣ ಬಂದಿದೆ. ಒಡೆಯರು ಮಲಗಿರುವಾಗ ಕಾಲುಗಳಷ್ಟೇ ಎದ್ದು ಬಂದ ಹಾಗೆ.

ಐವತ್ತರ ಆಸುಪಾಸಿನ ಹೆಂಗಸೊಬ್ಬರು ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಮೇಜಿನಿಂದ ಮೇಜಿಗೆ ಮೆಲ್ಲಗೆ ನಡೆಯುತ್ತಾರೆ. ಪ್ರತಿ ಕಾಲಿಗೂ ಕಟ್ಟಿದ ಹಳದಿ ಚೀಟಿ ತಿರುಗಿಸಿ ದಿನಾಂಕ ಓದುತ್ತಾರೆ. "ಇದು ಮೊನ್ನೆಯಿಂದ ಇಲ್ಲೇ ನಿಂತಿದೆ. ಪಾಪ, ಯಾಕೆ ಅಂತ ಕೇಳ್ಬೇಕು," ಎನ್ನುತ್ತಾರೆ, ಅಳುವ ಮಗುವಿನ ಬಗ್ಗೆ ಮಾತಾಡುವಂತೆ.

ಇದು ಆಸ್ಪತ್ರೆಯೊಂದರ ಹಿಂಬದಿಯ ಕೃತಕ ಕಾಲು ತಯಾರಿಸುವ ಕಾರ್ಯಾಗಾರ. ಇಪ್ಪತ್ತೆರಡು ವರ್ಷದಿಂದ ಇಲ್ಲಿ ಚರ್ಮದ ಪಟ್ಟಿ ಹೊಲಿಯುವ ಇವರನ್ನು ಈಗ ಎಲ್ಲರೂ ಕರೆಯುವುದು 'ಚೀಟಿ ಅಕ್ಕ' ಎಂದೇ. ಓದಿದ್ದು ಹತ್ತನೇ ತರಗತಿ.

ಚೀಟಿ ಹುಟ್ಟಿದ್ದು ಒಬ್ಬ ಬಸ್ ಕಂಡಕ್ಟರ್ ಆಡಿದ ಮಾತಿನಿಂದ. ಮೂರನೇ ಸಲವೂ ಕಾಲು ಸಡಿಲವಾಗಿ, ಗೋಡೆ ಹಿಡಿದು ಕೂತ ಆತ ಕೇಳಿದರಂತೆ, "ಅಕ್ಕಾ, ಅಳತೆ ತಗೊಂಡು ಮೂರು ತಿಂಗಳಾಯ್ತು. ಅಷ್ಟೊತ್ತಿಗೆ ನನ್ನ ತೊಡೆ ಸಣ್ಣ ಆಗಿರತ್ತೆ. ಅದು ನಿಮಗೋಸ್ಕರ ಕಾಯ್ತಾ ಕೂರತ್ತಾ?"

ಆ ಮಾತು ಮುಳ್ಳಿನಂತೆ ನಾಟಿತು. ಮರುದಿನದಿಂದ ಅಕ್ಕ ಪ್ರತಿ ಕಾಲಿಗೂ ಚೀಟಿ ಕಟ್ಟಿ, ಯಾವ ಮೇಜಿಗೆ ಬಂದದ್ದು ಯಾವಾಗ, ಬಿಟ್ಟದ್ದು ಯಾವಾಗ ಎಂದು ಬರೆದರು. ಒಂದು ಕಾಲಿಗೆ ಬೇಕಾದ ಕೆಲಸ ಹನ್ನೊಂದು ಗಂಟೆ. ಅದು ಮನುಷ್ಯನನ್ನು ಮುಟ್ಟಲು ಹಿಡಿಯುತ್ತಿದ್ದದ್ದು ತೊಂಬತ್ತನಾಲ್ಕು ದಿನ! ಉಳಿದ ಹೊತ್ತೆಲ್ಲ ಮೇಜಿನ ಮೇಲೆ ನಿಂತದ್ದೇ.

ಕಾರಿನ ಬಿಡಿಭಾಗದ ಕಾರ್ಖಾನೆಯಲ್ಲಿರುವ ತಂಗಿ ಆ ಲೆಕ್ಕ ನೋಡಿ ನಕ್ಕಳು. "ಅಕ್ಕಾ, ಹೀಗೆ ಸುಮ್ಮನೆ ಕಾಯೋ ಹೊತ್ತನ್ನ ಹುಡುಕಿ ತೆಗೆಯೋದಕ್ಕೆ ನಮ್ಮಲ್ಲಿ ಲೀನ್ ಅಂತಾರೆ. ಮುಂದಿನ ಮೇಜು ಕೇಳೋವರೆಗೂ ಹಿಂದಿನ ಮೇಜಲ್ಲಿ ಹೊಸದು ಶುರು ಮಾಡಬಾರದು."

ಅಷ್ಟರಲ್ಲಿ ಆಸ್ಪತ್ರೆ ಒಂದು ಯೋಜನೆ ಹೊರಿಸಿತು: ಆರು ತಿಂಗಳಲ್ಲಿ ಇನ್ನೂರ ನಲವತ್ತು ಕಾಲು. ಮ್ಯಾನೇಜರ್ ತಲೆ ಮೇಲೆ ಕೈಹೊತ್ತು ಕೂತರು. ಅಕ್ಕ ಚೀಟಿಗಳ ಕಟ್ಟನ್ನು ಅವರ ಮುಂದಿಟ್ಟು, ಒಂದು ಮೇಜಿನ ಮೇಲೆ ಒಮ್ಮೆಗೆ ಮೂರೇ ಕಾಲು ಇರಬೇಕೆಂಬ ನಿಯಮ ಕೇಳಿ ಪಡೆದರು.

ಸಿಡಿದೆದ್ದದ್ದು ಅಚ್ಚಿನ ಮೇಸ್ತ್ರಿ. ದಿನಕ್ಕೆ ಇಪ್ಪತ್ತು ಅಚ್ಚು ಎರಕ ಹೊಯ್ಯುವ ಕೈ ಅವರದು. "ಕೈ ಕಟ್ಕೊಂಡು ಕೂತ್ಕೊಳ್ಳಕ್ಕೆ ನಾನೇನು ಮದುವೆ ಮನೆ ಬೀಗನಾ?" ಎಂದು ಗುಡುಗಿದರು. ಮೊದಲ ವಾರ ಕಾಲುಗಳ ಸಂಖ್ಯೆ ಕುಸಿಯಿತು. ಮ್ಯಾನೇಜರ್ ಅಳುಕಿದರು. ಅಕ್ಕ ಅಂದು ಊಟ ಮುಟ್ಟಲಿಲ್ಲ.

ಮರುದಿನ ಅವರು ಮೇಸ್ತ್ರಿಯ ಪಕ್ಕ ಕೂತು, ಇನ್ನೊಂದು ಪಟ್ಟಿ ಓದಿದರು. ಹೊಂದದೆ ವಾಪಸು ಬಂದವು ಹತ್ತಕ್ಕೆ ಮೂರು. "ಅಣ್ಣಾ, ನಿಮ್ಮ ಕೈಯಲ್ಲಿ ತಪ್ಪಿಲ್ಲ. ನಿಮ್ಮ ಅಚ್ಚು ಸರಿಯಾಗೇ ಇತ್ತು. ಇಲ್ಲಿ ಬಿದ್ದೂ ಬಿದ್ದೂ ಹಳೇದಾಯ್ತು ಅಷ್ಟೆ." ಕಾಲು ಹೊಂದದ್ದಕ್ಕೆ ಬಂದ ಬೈಗುಳವನ್ನೆಲ್ಲ ಇಷ್ಟು ವರ್ಷ ಮೇಸ್ತ್ರಿ ಒಬ್ಬರೇ ನುಂಗಿದ್ದರು. ಈಗ ಎದ್ದು, ಕಾಲುಗಳು ಕಾಯುತ್ತಿದ್ದ ಪಾಲಿಶ್ ಮೇಜಿಗೆ ಹೋಗಿ ಉಜ್ಜುಕಾಗದ ಕೈಗೆತ್ತಿಕೊಂಡರು.

ಇನ್ನೂರ ನಲವತ್ತನೆಯ ಕಾಲು ಗಡುವಿಗೆ ಒಂಬತ್ತು ದಿನ ಮೊದಲೇ ಹೊರಟಿತು. ಈಗ ಅಳತೆಯಿಂದ ನಡಿಗೆಯವರೆಗೆ ಹದಿಮೂರು ದಿನ. ವಾಪಸು ಬರುವುದು ಇಪ್ಪತ್ತಕ್ಕೆ ಒಂದು. ಆ ಕಂಡಕ್ಟರ್ ಈಗ ಬಸ್ಸಿನಲ್ಲಿ ನಿಂತೇ ಟಿಕೆಟ್ ಹರಿಯುತ್ತಾರೆ.

ಮನೆಯಲ್ಲಿ ಮಾತ್ರ ಅಕ್ಕನ ಆಟ ನಡೆಯದು. "ನನ್ನ ಉಪ್ಪಿನ ಡಬ್ಬಿಗೂ ಚೀಟಿ ಕಟ್ಟೋಕೆ ಬಂದಿದ್ಲು. ಓಡಿಸಿದೆ!" ಎನ್ನುತ್ತಾರೆ ಎಂಬತ್ತು ದಾಟಿದ ಅತ್ತೆ, ಬೊಚ್ಚುಬಾಯಿ ತುಂಬ ನಗುತ್ತ.

ನಿಮಗೇನು ಆಸೆ ಅಂದರೆ ಅಕ್ಕ ಸೂಜಿಯ ಕಣ್ಣಿಗೆ ದಾರ ಪೋಣಿಸುತ್ತ ಹೇಳುತ್ತಾರೆ:

"ಸಂಜೆ ರಸ್ತೇಲಿ ಎಷ್ಟೊಂದು ಜನ ನಡೀತಾ ಇರ್ತಾರಲ್ಲ... ಅವರಲ್ಲಿ ನಮ್ಮ ಕಾಲು ಹಾಕ್ಕೊಂಡೋರು ಯಾರು ಅಂತ ನನಗೇ ಗೊತ್ತಾಗಬಾರದು. ಅಷ್ಟು ಸಾಕು."