ಮೋರಿಸ್ ಕಾರಿನ ಒಂದು ರೌಂಡ್

ಫ್ಲ್ಯಾಟ್ ಬುಷ್‌ನ ಆ ಬೀದಿಯಲ್ಲಿ ಗುರುರಾಜರ ಕಾರನ್ನು ಮೆಚ್ಚದವರಿಲ್ಲ, ಅದರಲ್ಲಿ ಕೂತವರೂ ಇಲ್ಲ. ಮೈಸೂರಿನಿಂದ ಈ ಪರದೇಶಕ್ಕೆ ಬಂದು ಇಲ್ಲೇ ನಿವೃತ್ತರಾದ ಈ ಎಂಜಿನಿಯರ್ ಎಂಟು ವರ್ಷದ ಹಿಂದೆ ೧೯೫೯ರ ಮೋರಿಸ್ ಮೈನರ್ ಕೊಂಡರು. ಹಳೆ ಕಾರೆಂದು ವಿಮೆಯಲ್ಲಿ ರಿಯಾಯಿತಿ ಸಿಕ್ಕಿತು, ಜೊತೆಗೆ ಕಟ್ಟುಪಾಡೂ ಬಂತು: ಹಳೆ ಕಾರುಗಳ ಕ್ಲಬ್ಬಿನ ಓಡಾಟ, ರಿಪೇರಿ ಬಿಟ್ಟು ಮಿಕ್ಕಿದ್ದಕ್ಕೆ ಮಿತಿಯುಂಟು, ಮೀರಿದರೆ ವಿಮೆ ರದ್ದು, ಮೇಲೆ ದಂಡ. ಮೊದಲ ಪುಟದಲ್ಲೇ ಇಷ್ಟು ಓದಿ ಹೆದರಿದ ಪುಣ್ಯಾತ್ಮರು ಉಳಿದ ಪುಟಗಳನ್ನು ಬೀರುವಿಗೆ ಸೇರಿಸಿಬಿಟ್ಟರು.

ಕ್ಲಬ್ಬಿನ ಭಾನುವಾರಗಳಲ್ಲಿ ಹೆಂಡತಿ ರಮಾಗೆ ವೃದ್ಧಾಶ್ರಮದ ಕೆಲಸದ ಪಾಳಿ. ಕಾರಿನಲ್ಲಿ ಕೂರುವ ಆಸೆಗೆ ಆಕೆಗಿದ್ದದ್ದು ವರ್ಷಕ್ಕೊಮ್ಮೆ ಬರುವ ಆಯುಧಪೂಜೆಯೊಂದೇ. ಕಾರಿಗೆ ಕುಂಕುಮವಿಟ್ಟು, ನಾಲ್ಕು ಚಕ್ರದಡಿ ನಿಂಬೆಹಣ್ಣಿಟ್ಟು, ರೇಷ್ಮೆ ಸೀರೆಯುಟ್ಟು ಬಾಗಿಲ ಬಳಿ ನಿಲ್ಲುತ್ತಿದ್ದರು.

"ಒಂದ್ ರೌಂಡ್ ಹೋಗ್ಬರೋಣ ರೀ. ಬೀದಿ ತುದಿಯ ರೌಂಡ್‌ಅಬೌಟ್‌ವರೆಗೆ ಸಾಕು."

"ಆಗಲ್ಲ ಕಣೇ. ಇನ್ಶೂರೆನ್ಸ್ ಒಪ್ಪಲ್ಲ."

ಒಡೆಯದ ನಿಂಬೆಹಣ್ಣುಗಳನ್ನು ರಮಾ ಆಯ್ದು ಗಿಡದ ಬುಡಕ್ಕೆ ಹಾಕುತ್ತಿದ್ದರು.

ಈ ಮಾರ್ಚಿನಲ್ಲಿ ರಮಾ ತೀರಿಕೊಂಡರು. ಆಮೇಲೆ ಗುರುರಾಜರಿಗೆ ಕ್ಲಬ್ಬೂ ಬೇಡವಾಯಿತು. ಮನೆಯಲ್ಲಿ ಮಾತಾಡುವವರಿಲ್ಲದೆ ಅವರ ದನಿಯೇ ಅವರಿಗೆ ಮರೆತುಹೋದಂತಿತ್ತು.

ಆಯುಧಪೂಜೆಯ ಬೆಳಿಗ್ಗೆ ವಿಮೆ ಮಾಡಿಸಿಕೊಡುವ ಹುಡುಗಿ ಶ್ರೀರಕ್ಷಾ ಫೋನ್ ಮಾಡಿದಳು.

"ಅಂಕಲ್, ರಿನ್ಯೂವಲ್‌ಗೆ ಈ ವರ್ಷದ ಓಡಾಟ ಬರೆದಿರೋ ಲಾಗ್‌ಬುಕ್ ಕಾಪಿ ಬೇಕು. ಅಲ್ಲಾ, ಹಳೇ ಕಾಪಿಗಳನ್ನ ನೋಡ್ದೆ, ಎಂಟು ವರ್ಷದಲ್ಲಿ ನಿಮ್ದು ಪರ್ಸನಲ್ ಟ್ರಿಪ್ ಒಂದೂ ಇಲ್ವಲ್ಲ?"

"ಅದಕ್ಕೆ ಪರ್ಮಿಷನ್ ಎಲ್ಲಿದೆಯಮ್ಮ?"

"ಇದೆ ಅಂಕಲ್, ವರ್ಷಕ್ಕೆ ಹನ್ನೆರಡು. ಹೊರಡೋಕೆ ಮುಂಚೆ ಲಾಗ್‌ಬುಕ್ಕಲ್ಲಿ ಬರೆದ್ರಾಯ್ತು. ಪಾಲಿಸಿಯ ಮೂರನೇ ಪೇಜಲ್ಲೇ ಇದ್ಯಲ್ಲಾ."

ಫೋನಿಟ್ಟ ಗುರುರಾಜರು ಬೀರುವಿನಿಂದ ಪಾಲಿಸಿ ತೆಗೆದು ಮೂರನೇ ಪುಟ ಓದಿದರು. ಎಂಟು ವರ್ಷಕ್ಕೆ ತೊಂಬತ್ತಾರು. ರಮಾ ಕೇಳಿದ್ದು ಎಂಟು.

ಫ್ರಿಜ್ಜಿನಿಂದ ನಾಲ್ಕು ನಿಂಬೆಹಣ್ಣು ತಂದು ಚಕ್ರಗಳಡಿ ಇಟ್ಟರು. ಕುಂಕುಮ ಹಚ್ಚಲು ಹೋಗಿ ಬಾನೆಟ್ಟಿನ ಮೇಲೆಲ್ಲ ಚೆಲ್ಲಿದರು. ಸೀಟಿನಲ್ಲಿ ಕೂತು ಲಾಗ್‌ಬುಕ್ ತೆರೆದರು. ತಾರೀಖು ಬರೆದರು. ಉದ್ದೇಶ: ಆಯುಧಪೂಜೆ. ಕಾರಿನಲ್ಲಿ ಎಷ್ಟು ಜನ ಎಂಬ ಕಡೆ ಪೆನ್ನು ನಿಂತಿತು. ಸುಳ್ಳು ಬರೆದು ಗೊತ್ತಿಲ್ಲದ ಮನುಷ್ಯ, ಕಡೆಗೆ ಒಂದು ಎಂದೇ ಬರೆದರು.

ಕಾರು ಹೊರಟಿತು. ಚಕ್ರದಡಿ ನಿಂಬೆಹಣ್ಣುಗಳು ಪಚಕ್ಕನೆ ಒಡೆದವು. ರೌಂಡ್‌ಅಬೌಟ್ ಸುತ್ತಿ ಮನೆಗೆ ಬಂದು ಗಡಿಯಾರ ನೋಡಿದರು. ಹೋಗಿ ಬರಲು ನಾಲ್ಕು ನಿಮಿಷವೂ ಹಿಡಿದಿರಲಿಲ್ಲ.