ವಾರಿಜಕ್ಕನ ಅರ್ಧ ಶಟರು ಮತ್ತು ಸುಡೊಕು ಹಾಳೆ

ನಿಮ್ಮಲ್ಲಿ ಯಾರಿಗಾದರೂ ಹೀಗಾಗಿದೆಯಾ? ಒಬ್ಬರ ಮನಸ್ಸು ನೋಯಬಾರದು ಅಂತ ಸಣ್ಣ ಸುಳ್ಳೊಂದನ್ನು ಹೇಳಿ, ಆ ಸುಳ್ಳಿನಿಂದ ಸಂಬಂಧವೇ ಇಲ್ಲದ ಇನ್ನೊಬ್ಬರು ಹಾಳಾದದ್ದನ್ನು ನೋಡಿದ್ದೀರಾ? ನಾನು ನೋಡಿದ್ದೇನೆ. ಈ ಪೇಜಿನಲ್ಲಿ ಬಸ್ಸಿನ ಜಗಳ, ಮದುವೆಮನೆ ತಮಾಷೆ ಎಲ್ಲ ಬರೆದು ನಿಮ್ಮನ್ನು ನಗಿಸಿದವನು ನಾನೇ. ಇವತ್ತಿನದ್ದು ಆ ಜಾತಿಯದ್ದಲ್ಲ. ಬೇಡ ಅನಿಸಿದವರು ಇಲ್ಲೇ ಬಿಡಿ.

ಎನ್.ಆರ್. ಪುರದ ಬಸ್‌ಸ್ಟ್ಯಾಂಡ್ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿ. ಪಕ್ಕದ್ದು ವಾರಿಜಕ್ಕನ ಮೆಡಿಕಲ್. ಮೂವತ್ತು ವರ್ಷ ಅದೇ ಕೌಂಟರಿನ ಹಿಂದೆ ನಿಂತವರು ಅವರು. ಮದುವೆ ಆಗಲಿಲ್ಲ. ಕೇಳಿದವರಿಗೆ, "ಬಿಡುವಾಗ್ಲಿಲ್ಲ ಮಾರಾಯ್ರೆ" ಅನ್ನುತ್ತಿದ್ದರು.

ಬೆಳಿಗ್ಗೆ ಎಂಟೂವರೆಗೆ ಅವರ ಶಟರು ಅರ್ಧ ಏಳುತ್ತಿತ್ತು. ಅರ್ಧ ಮಾತ್ರ. ಹೊರಗೆ ನಿಂತವರಿಗೆ ಸ್ಟೂಲಿನ ಕಾಲು, ಅವರ ಸೀರೆಯ ಅಂಚು, ಚಪ್ಪಲಿ, ಇಷ್ಟೇ ಕಾಣುತ್ತಿದ್ದದ್ದು. ಒಳಗೆ ಗಾಜಿನ ಕೌಂಟರಿನ ಮೇಲೆ ಹಾಳೆ ಇಟ್ಟುಕೊಂಡು ನೀಲಿ ಪೆನ್ನಿನಲ್ಲಿ ಸುಡೊಕು ಬಿಡಿಸುತ್ತಿದ್ದರು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಎಂಬತ್ತೊಂದು ಮನೆ ಇರುತ್ತದೆ, ಕೆಲವು ಮನೆಗಳಲ್ಲಿ ಅಂಕಿ ಮೊದಲೇ ಅಚ್ಚಾಗಿರುತ್ತದೆ, ಉಳಿದವನ್ನು ಒಂದರಿಂದ ಒಂಬತ್ತರವರೆಗಿನ ಅಂಕಿಗಳಿಂದ ನಾವು ತುಂಬಬೇಕು. ಅಡ್ಡಕ್ಕೆ, ಉದ್ದಕ್ಕೆ, ಒಳಗಿನ ಚೌಕಗಳಲ್ಲಿ, ಎಲ್ಲೂ ಒಂದು ಅಂಕಿ ಎರಡು ಸಲ ಬರಬಾರದು. ಅಚ್ಚಾದ ಅಂಕಿ ಕಡಿಮೆ ಇದ್ದಷ್ಟೂ ಸಾಮಾನ್ಯವಾಗಿ ಕಷ್ಟ ಜಾಸ್ತಿ.

ಅವರಿಗೆ ಅರ್ಧ ಗಂಟೆ ಗಡುವು. ತಪ್ಪಿಲ್ಲದೆ ಮುಗಿದರೆ ಶಟರು ಪೂರ್ತಿ ಮೇಲೆ. ಮುಗಿಯದಿದ್ದರೆ ಅವತ್ತು ಸೋಪು, ಪೌಡರು, ಮಕ್ಕಳ ಡೈಪರು ಮಾತ್ರ ವ್ಯಾಪಾರ. ಗುಳಿಗೆ ಇಟ್ಟ ಕಪಾಟನ್ನು ಮುಟ್ಟುತ್ತಲೇ ಇರಲಿಲ್ಲ.

"ಅಕ್ಕ, ಇವತ್ತು ಪಾಸಾ ಫೇಲಾ?" ಅಂತ ಆಟೋದವರು ಬಗ್ಗಿ ಕೇಳುತ್ತಿದ್ದರು.

"ನೀ ಮೊದ್ಲು ಲೈಸೆನ್ಸ್ ರಿನೀವಲ್ ಮಾಡ್ಸು, ಆಮೇಲೆ ನನ್ನ ಮಾರ್ಕ್ಸ್ ಕೇಳು" ಅಂತ ಒಳಗಿಂದ ಉತ್ತರ ಬರುತ್ತಿತ್ತು.

ಊರಿಗೆಲ್ಲ ಅದು ಮುದುಕಿಯಾಗುತ್ತಿರುವ ಹೆಂಗಸಿನ ಹುಚ್ಚು. ಯಾಕೆ ಅಂತ ಗೊತ್ತಿದ್ದವನು ನಾನೊಬ್ಬ, ಯಾಕೆಂದರೆ ಹಾಳೆ ಪ್ರಿಂಟ್ ಹಾಕಿ ಕೊಡುತ್ತಿದ್ದವನು ನಾನು. ಅವರ ಅಮ್ಮನಿಗೆ ಅರವತ್ತು ದಾಟಿದ ಮೇಲೆ ಮರೆವು ಹತ್ತಿತ್ತು. ಕೊನೆಗೆ ಮಗಳಿಗೇ ಕಾಫಿ ತಂದುಕೊಟ್ಟು, "ನೀವು ಯಾರ ಮನೆಯವರು?" ಅಂತ ವಿಚಾರಿಸುತ್ತಿದ್ದರಂತೆ. ವಾರಿಜಕ್ಕನಿಗೆ ಐವತ್ತೊಂಬತ್ತಾದಾಗ ನನ್ನ ಅಂಗಡಿಗೆ ಬಂದರು.

"ನಾಗೇಶ, ವಾರಕ್ಕೆ ಆರು ಹಾಳೆ. ಒಂದು ಹಾಳೇಲಿ ಒಂದೇ. ಕಷ್ಟದ್ದೇ ಬೇಕು. ಉತ್ತರದ ಪುಟ ನಂಗೆ ತೋರಿಸ್ಲೂಬೇಡ."

"ಫೋನಲ್ಲೇ ಆಡ್ಬಹುದಲ್ಲ ಅಕ್ಕ? ಪುಕ್ಕಟೆ."

"ಫೋನಲ್ಲಿ ತಪ್ಪು ಒತ್ತಿದ ಕೂಡ್ಲೇ ಕೆಂಪಾಗ್ತದೆ. ಗುಳಿಗೆ ಕೆಂಪಾಗ್ತದನ?"

"ಪೆನ್ಸಿಲ್ಲಾದ್ರೂ ಇಟ್ಕೊಳ್ಳಿ, ಪೆನ್ನೆಂತಕ್ಕೆ?"

"ಕೊಟ್ಟ ಗುಳಿಗೇನ ಆಮೇಲೆ ರಬ್ಬರ್ ಹಾಕಿ ಒರೆಸಕ್ಕೆ ಬರ್ತದನ ಮಾರಾಯ?"

ಅಲ್ಲಿಂದ ಪ್ರತಿ ಶನಿವಾರ ಸಂಜೆ ಆರು ಹಾಳೆ. ಅವುಗಳನ್ನು ನೆಟ್ಟಿನಲ್ಲಿ ಹುಡುಕಿ ಇಳಿಸಿ, ಗೆರೆ ದಪ್ಪ ಮಾಡಿ, ತಲೆಯ ಮೇಲೆ 'ಕಠಿಣ' ಅಂತ ಕನ್ನಡದಲ್ಲಿ ಟೈಪ್ ಮಾಡಿ ಕೊಡುತ್ತಿದ್ದೆ. ಅವರು ಬಿಡಿಸಿ, ಕೆಳಗೆ ತಾರೀಕು, ಹಿಡಿದ ನಿಮಿಷ ಬರೆದು, ಬಿಲ್ಲು ಚುಚ್ಚುವ ಕಂಬಿಗೆ ಚುಚ್ಚಿಡುತ್ತಿದ್ದರು.

ಅವರು ಎಂಥವರು ಅಂತ ಹೇಳಲು ಒಂದು ಸಂಗತಿ ಸಾಕು. ನನ್ನ ಮಗಳಿಗೆ ಮೂರು ವರ್ಷ. ಜ್ವರ ಅಂತ ಒಬ್ಬ ಡಾಕ್ಟರಿಗೆ ತೋರಿಸಿ ಚೀಟಿ ತಂದೆ. ವಾರಿಜಕ್ಕ ಚೀಟಿ ನೋಡಿದರು, ಮಗಳನ್ನು ನೋಡಿದರು, ಎತ್ತಿಕೊಂಡು ತೂಕ ನೋಡುವವರ ಹಾಗೆ ಒಮ್ಮೆ ಕುಲುಕಿದರು. ನನ್ನೆದುರೇ ಫೋನ್ ಹಚ್ಚಿದರು.

"ಡಾಕ್ಟ್ರೇ, ಇದು ಮಗೂಗ ಎಮ್ಮೆಗ?"

ಬರೆದ ಡೋಸು ಮೂರು ಪಟ್ಟು ಜಾಸ್ತಿ ಇತ್ತು. ಡಾಕ್ಟರು ಆ ಕಡೆಯಿಂದ ಏನೋ ರೇಗಿದರು. ಇವರು, "ರೇಗಿ, ತೊಂದ್ರೆ ಇಲ್ಲ. ಆದ್ರೆ ಇದನ್ನ ನಾ ಕೊಡೂದಿಲ್ಲ" ಅಂತ ಫೋನಿಟ್ಟರು. ಹದಿನೈದು ನಿಮಿಷಕ್ಕೆ ಡಾಕ್ಟರೇ ವಾಪಸ್ ಫೋನ್ ಮಾಡಿ ತಿದ್ದಿದರು. ಆ ಮಗಳು ಈಗ ಕಾಲೇಜಿಗೆ ಹೋಗುತ್ತಾಳೆ.

ಹಳ್ಳಿಯವರಿಗೆ ಇಂಗ್ಲಿಷ್ ಓದಲು ಬರುವುದಿಲ್ಲ ಅಂತ ಪ್ರತಿ ಗುಳಿಗೆಯ ಕವರಿನ ಮೇಲೂ ಕನ್ನಡದಲ್ಲಿ ಬರೆದು ಕೊಡುತ್ತಿದ್ದರು. ಯಾವಾಗ, ಎಷ್ಟು, ಊಟಕ್ಕೆ ಮೊದಲಾ ಆಮೇಲಾ. ದುಂಡಗಿನ ಅಕ್ಷರ. ಡಾಕ್ಟರ ಮಾತು ಮರೆತವರು ಕವರು ನೋಡುತ್ತಿದ್ದರು.

ಮೂರು ವರ್ಷ ಎಲ್ಲ ಸರಿ ಇತ್ತು. ನಾಲ್ಕನೇ ವರ್ಷ ಫೇಲಾಗುವ ದಿನಗಳು ಬಂದವು. ಮೊದಲು ತಿಂಗಳಿಗೊಂದು. ಆಮೇಲೆ ವಾರಕ್ಕೊಂದು. ಒಂದು ವಾರ ಆರರಲ್ಲಿ ನಾಲ್ಕು. ಗಿರಾಕಿಗಳು ಎದುರಿನ ಮೆಡಿಕಲ್ಲಿಗೆ ಹೋಗತೊಡಗಿದರು. ಯಾರೂ ತಮಾಷೆಗೂ ಪಾಸಾ ಫೇಲಾ ಕೇಳುತ್ತಿರಲಿಲ್ಲ. ವಾರಿಜಕ್ಕ ಡೈಪರಿನ ಪ್ಯಾಕೆಟ್ಟುಗಳ ನಡುವೆ ಕೈಕಟ್ಟಿ ಕೂತಿರುತ್ತಿದ್ದರು. ಒಂದು ದಿನ ನಾನು ಟೀ ಕೊಡಲು ಹೋದಾಗ, ಬಿಡಿಸಲಾಗದ ಹಾಳೆಯನ್ನು ಸೆರಗಿನ ಒಳಗೆ ಮುಚ್ಚಿಕೊಂಡರು. ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದ ಮಗು ಮುಚ್ಚಿಕೊಳ್ಳುತ್ತದಲ್ಲ, ಹಾಗೆ. ನನಗೆ ತಡೆಯಲಾಗಲಿಲ್ಲ.

ಆ ಶನಿವಾರ ನಾನು ಸುಲಭದ್ದು ಇಳಿಸಿದೆ. ತಲೆಯ ಮೇಲೆ 'ಕಠಿಣ' ಅಂತಲೇ ಟೈಪ್ ಮಾಡಿದೆ.

ನಾನು ಮಾಡಿದ್ದು ಇಷ್ಟೇ. ಎರಡು ನಿಮಿಷದ ಕೆಲಸ. ಪುಣ್ಯದ ಕೆಲಸ ಮಾಡಿದೆ ಅಂತ ಖುಷಿಯೂ ಆಗಿತ್ತು, ಸುಳ್ಳು ಯಾಕೆ ಹೇಳಲಿ.

ಸೋಮವಾರ ಶಟರು ಹದಿನಾಲ್ಕು ನಿಮಿಷಕ್ಕೆ ಮೇಲೆ ಹೋಯಿತು. ಮಂಗಳವಾರ ಹನ್ನೆರಡು. ವಾರದ ಕೊನೆಗೆ ವಾರಿಜಕ್ಕ ಸ್ಟೀಲ್ ಡಬ್ಬಿಯೊಂದನ್ನು ಹಿಡಿದುಕೊಂಡು ನನ್ನ ಅಂಗಡಿಗೇ ಬಂದರು.

"ಒಂದೆಲಗದ ತಂಬುಳಿ, ಮಧ್ಯಾಹ್ನ ಊಟಕ್ಕೆ ಹಾಕ್ಕೋ. ದಿನಾ ಮಾಡ್ತಿದೀನಿ. ತಲೆಗೆ ಎಷ್ಟು ಒಳ್ಳೇದು ಅಂತ ಈಗ ಗೊತ್ತಾಯ್ತು ನೋಡು. ಹನ್ನೆರಡು ನಿಮಿಷ ಮಾರಾಯ! ಮೊದ್ಲಿಗಿಂತ್ಲೂ ಚುರುಕಾಗಿದೀನಿ."

"ಹೌದಕ್ಕ, ಮುಖದಲ್ಲೇ ಕಾಣ್ತದೆ" ಅಂದೆ. ಆ ತಂಬುಳಿ ಉಂಡೆ ಕೂಡ.

ಎರಡು ತಿಂಗಳು ಹೀಗೇ ನಡೆಯಿತು. ಗುಳಿಗೆ ಕಪಾಟು ದಿನವೂ ತೆರೆಯುತ್ತಿತ್ತು.

ಸೀತೂರಿನ ಗಿರಿಜಮ್ಮ ವಾರಿಜಕ್ಕನ ಹಳೆಯ ಗಿರಾಕಿ. ಕೈಕಾಲಿನ ಗಂಟುಗಳೆಲ್ಲ ಬಾತುಕೊಳ್ಳುವ ಕಾಯಿಲೆ. ಹಳೆಯ ಡಾಕ್ಟರು ನಿವೃತ್ತರಾಗಿ ಹೊಸಬರು ಬಂದು ಬೇರೆ ಗುಳಿಗೆ ಬರೆದಿದ್ದರು. ಬಲವಾದ ಗುಳಿಗೆ, ವಾರಕ್ಕೊಂದೇ ತಗೊಳ್ಳುವಂಥದ್ದು. ಚೀಟಿಯಲ್ಲಿ ಸರಿಯಾಗೇ ಇತ್ತು. ವಾರಿಜಕ್ಕ ಕವರಿನ ಮೇಲೆ ದುಂಡಗಿನ ಅಕ್ಷರದಲ್ಲಿ ಬರೆದರು: ದಿನಕ್ಕೊಂದು, ರಾತ್ರಿ ಊಟದ ನಂತರ.

ಹತ್ತು ದಿನಕ್ಕೆ ಗಿರಿಜಮ್ಮನ ಬಾಯೆಲ್ಲ ಹುಣ್ಣಾಯಿತು. ನೀರು ಗುಟುಕರಿಸಲೂ ಆಗುತ್ತಿರಲಿಲ್ಲ. ಜ್ವರ ಬಂತು. ಶಿವಮೊಗ್ಗಕ್ಕೆ ಕರೆದುಕೊಂಡು ಹೋದರು. ಅಲ್ಲಿನ ಡಾಕ್ಟರು ಯಾವ ಗುಳಿಗೆ, ಎಷ್ಟು ತಗೊಂಡಿದ್ದಾರೆ ಅಂತ ಕೇಳಿದಾಗ, ಮಗ ದಿನೇಶ ಮನೆಗೆ ಬಂದು ಕವರು ಹುಡುಕಿ, ದಾರಿಯಲ್ಲಿ ವಾರಿಜಕ್ಕನಿಗೆ ತೋರಿಸಿದ. ನಾನು ಅಲ್ಲೇ ಇದ್ದೆ. ವಾರಿಜಕ್ಕ ಕವರು ತಗೊಂಡು ಓದಿದರು. ಇನ್ನೊಮ್ಮೆ ಓದಿದರು. ಆಮೇಲೆ ದಿನೇಶನ ಫೋನಿನಲ್ಲೇ ಆಸ್ಪತ್ರೆಗೆ ಮಾತಾಡಿ, ಗುಳಿಗೆಯ ಹೆಸರು, ಹತ್ತು ದಿನ ದಿನಕ್ಕೊಂದು, ತಪ್ಪು ನನ್ನದು, ಎಲ್ಲ ಬಿಡಿಸಿ ಹೇಳಿದರು. ದನಿ ನಡುಗಲಿಲ್ಲ.

ನಾಲ್ಕನೇ ದಿನ ಗಿರಿಜಮ್ಮ ತೀರಿಕೊಂಡರು.

ಸುದ್ದಿ ಬಂದ ಮರುದಿನ ವಾರಿಜಕ್ಕ, "ನನ್ನ ಸೀತೂರಿಗೆ ಬಿಡು" ಅಂದರು. ಸ್ಕೂಟರಿನಲ್ಲಿ ಕರೆದುಕೊಂಡು ಹೋದೆ. ಅಂಗಳದಲ್ಲಿ ಜನ ಕೂತಿದ್ದರು. ವಾರಿಜಕ್ಕ ಎಲ್ಲರೆದುರು ನಿಂತು, "ಡಾಕ್ಟ್ರು ಸರಿ ಬರ್ದಿದ್ರು. ನಾನು ತಪ್ಪು ಬರ್ದೆ. ಪೊಲೀಸ್ ಕಂಪ್ಲೇಂಟ್ ಕೊಡೂದಾದ್ರೆ ಕೊಡಿ, ನಾ ಎಲ್ಲೂ ಹೋಗೂದಿಲ್ಲ" ಅಂದರು.

ದಿನೇಶ ಎದ್ದು ಬಂದ. "ಅಮ್ಮ ಬೇರೆ ಯಾರ ಅಂಗ್ಡೀಲೂ ಗುಳಿಗೆ ತಗೊಳ್ತಿರ್ಲಿಲ್ಲ. ವಾರಿಜ ಕೊಟ್ರೆ ಮಾತ್ರ ನಂಬಿಕೆ ಅಂತಿದ್ರು. ನೀವು ಹೋಗಿ ಅಕ್ಕ. ನಿಮ್ಮ ಮುಖ ನೋಡಕ್ಕಾಗ್ತಿಲ್ಲ" ಅಂದ.

ವಾಪಸ್ ಬರುವಾಗ ಹಿಂದಿನ ಸೀಟಿನಿಂದ ಒಂದೇ ಮಾತು.

"ಅವತ್ತು ನಾ ಪಾಸಾಗಿದ್ದೆ ನಾಗೇಶ. ಹನ್ನೊಂದು ನಿಮಿಷ. ಅದೇ ಅರ್ಥ ಆಗ್ತಿಲ್ಲ ನಂಗೆ."

ನಾನು ಹಾರ್ನ್ ಹೊಡೆದೆ. ಎದುರಿಗೆ ಯಾರೂ ಇರಲಿಲ್ಲ.

ಮಾರನೇ ಬೆಳಿಗ್ಗೆ ಅವರು ಕಂಬಿ ಸಮೇತ ನನ್ನ ಅಂಗಡಿಗೆ ಬಂದರು. ಹಾಳೆಗಳನ್ನು ಒಂದೊಂದಾಗಿ ಕಳಚಿ ನನ್ನ ಟೇಬಲ್ ಮೇಲೆ ಎರಡು ಸಾಲಾಗಿ ಹರಡಿದರು. ಹೇಳಬೇಕಾದ್ದೇ ಇರಲಿಲ್ಲ. ಹಳೆಯ ಸಾಲು ಪೂರ್ತಿ ನೀಲಿ, ಅವರ ಪೆನ್ನಿನದ್ದು. ಹೊಸ ಸಾಲಿನಲ್ಲಿ ನನ್ನ ಪ್ರಿಂಟರಿನ ಕಪ್ಪೇ ಕಪ್ಪು.

"ಹಳೇದ್ರಲ್ಲಿ ಅಚ್ಚಾದ ಅಂಕಿ ಇಪ್ಪತ್ತಾರು. ಗಿರಿಜಮ್ಮಂಗೆ ಗುಳಿಗೆ ಕೊಟ್ಟ ದಿನದ್ದು ಇದು, ತಾರೀಕು ನೋಡು. ನಲವತ್ತು. ಮೇಲೆ ಕಠಿಣ ಅಂತ ಬರ್ದಿದೆ. ಬರ್ದವ್ರು ಯಾರು?"

"ಅಕ್ಕ, ನಿಮ್ಗೆ ಬೇಜಾರಾಗ್ತದೆ ಅಂತ..."

"ಫೇಲಾಗಿ ಬೇಜಾರಾದ್ರೆ ಬಾಗ್ಲು ಹಾಕ್ಬೇಕು ಅಂತ್ಲೇ ಅಲ್ವನ ಮಾರಾಯ ನಾ ಅದನ್ನ ಮಾಡ್ತಿದ್ದದ್ದು?"

ಬೈಯಲಿಲ್ಲ. ಬೈದಿದ್ದರೆ ಇಷ್ಟು ವರ್ಷಕ್ಕೆ ಮರೆತುಬಿಡುತ್ತಿದ್ದೆನೋ ಏನೋ. "ನಿಜವಾದ ಕಷ್ಟದ್ದು ಒಂದು ಹಾಕು, ನನ್ನೆದ್ರೇ" ಅಂದರು. ಹಾಕಿದೆ. ನನ್ನ ಕುರ್ಚಿಯಲ್ಲೇ ಕೂತು ಶುರು ಮಾಡಿದರು. ಅರ್ಧ ಗಂಟೆಗೆ ಒಂಬತ್ತು ಮನೆ ತುಂಬಿದ್ದರು, ಒಂದೇ ಸಾಲಿನಲ್ಲಿ ಎರಡು ಏಳು ಇತ್ತು. ಅವರೇ ಅದಕ್ಕೆ ಗೋಲ ಸುತ್ತಿ, ಪೆನ್ನಿನ ಟೋಪಿ ಹಾಕಿ, ಎದ್ದು ಹೋದರು. ಅವತ್ತು ಅರ್ಧ ಶಟರೂ ಏಳಲಿಲ್ಲ. ಆ ವಾರವೇ ಅಂಗಡಿಯ ಲೈಸೆನ್ಸ್ ವಾಪಸ್ ಕೊಟ್ಟರು. ದಿನೇಶ ಕಂಪ್ಲೇಂಟ್ ಕೊಡಲಿಲ್ಲ. ಅದೇ ಅವರಿಗೆ ದೊಡ್ಡ ಶಿಕ್ಷೆಯಾಯಿತು ಅಂತ ಅವರ ತಂಗಿ ಹೇಳುತ್ತಾರೆ.

ಈಗ ಕೊಪ್ಪದಲ್ಲಿ ಆ ತಂಗಿಯ ಮನೆಯಲ್ಲಿದ್ದಾರೆ. ಹೋದ ತಿಂಗಳು ಧೈರ್ಯ ಮಾಡಿ ಹೋದೆ. ಬರಿಗೈಲಿ ಹೋಗಲು ಮನಸ್ಸಾಗದೆ ಆರು ಹಾಳೆ ಪ್ರಿಂಟ್ ಹಾಕಿಕೊಂಡು ಹೋಗಿದ್ದೆ. ಕಷ್ಟದ್ದೇ. ವಾರಿಜಕ್ಕ ಕಿಟಕಿ ಹತ್ತಿರ ಕೂತಿದ್ದರು. ನನ್ನನ್ನು ನೋಡಿ ಮರ್ಯಾದೆಯಿಂದ ನಕ್ಕರು. ಅಂಗಡಿಗೆ ಮೊದಲ ಸಲ ಬಂದ ಗಿರಾಕಿಗೆ ನಗುತ್ತಿದ್ದರಲ್ಲ, ಆ ನಗು.

"ಕೂತ್ಕೊಳ್ಳಿ. ಎಂತ ಬೇಕಿತ್ತು?"

ಹಾಳೆ ಕೊಟ್ಟೆ. ಬಿಡಿಸಲು ಹೋಗಲಿಲ್ಲ. ಬೆರಳು ಇಟ್ಟು, ತುಟಿ ಅಲ್ಲಾಡಿಸುತ್ತಾ, ಅಚ್ಚಾದ ಅಂಕಿಗಳನ್ನು ಒಂದೊಂದೇ ಎಣಿಸಿದರು. ನಡುವೆ ತಪ್ಪಿತು. ಮತ್ತೆ ಮೊದಲಿಂದ ಎಣಿಸಿದರು. ಮೂರನೇ ಸಲಕ್ಕೆ ಇಪ್ಪತ್ತಾರು ಬಂತು.

"ಸರಿ ಇದೆ" ಅಂತ ತಲೆಯಾಡಿಸಿ ನನ್ನ ಕಡೆ ಬಗ್ಗಿದರು. ಗುಟ್ಟು ಹೇಳುವವರ ಹಾಗೆ ದನಿ ತಗ್ಗಿಸಿ, "ಈ ಹಾಳೆ ಎಲ್ಲಿ ಮಾಡ್ಸಿದ್ರೋ ಅಲ್ಲೇ ಮಾಡ್ಸಿ ಆಯ್ತಾ. ನಮ್ಮ ಅಂಗ್ಡಿ ಪಕ್ಕ ಒಬ್ಬ ಇದ್ದ, ಅವ್ನ ಹತ್ರ ಮಾತ್ರ ಹೋಗ್ಬೇಡಿ. ಒಳ್ಳೇ ಹುಡ್ಗ. ಆದ್ರೆ ಮೇಲೆ ಬರೆಯೂದೊಂದು, ಕೆಳಗೆ ಕೊಡೂದೊಂದು" ಅಂದರು.

"ಹೋಗೂದಿಲ್ಲ ಅಕ್ಕ" ಅಂದೆ.

ಇದನ್ನು ಇಲ್ಲಿ ಹಾಕುವ ಮೊದಲು ಸೀತೂರಿಗೆ ಹೋಗಿ ದಿನೇಶನಿಗೆ ನನ್ನ ಪಾಲಿನದ್ದನ್ನೂ ಹೇಳಿ ಬಂದೆ. ಅವನು ಪೂರ್ತಿ ಕೇಳಿಸಿಕೊಂಡ. ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ನಿಮ್ಮ ಮನೆಯಲ್ಲೂ ಇರಬಹುದು. ಕಣ್ಣು ಮಂಜಾದರೂ ಗಾಡಿ ಓಡಿಸುವ ಅಪ್ಪ, ಗ್ಯಾಸ್ ಆರಿಸಲು ಮರೆಯುವ ಅತ್ತೆ. ಅವರಿಗೆ ನೋವಾಗಬಾರದು ಅಂತ ನೀವು ಏನನ್ನು ಮುಚ್ಚಿಟ್ಟಿರಿ, ಆಮೇಲೆ ಏನಾಯಿತು? ಕೆಳಗೆ ಬರೆಯಿರಿ. ನನಗೆ ಸಮಾಧಾನ ಹೇಳುವ ಕಾಮೆಂಟ್ ಬೇಡ. ನಿಮ್ಮದನ್ನು ಹೇಳಿ.