ಪೇಟಿಯವಳು ಕ್ಲಾರಿನೆಟ್ಟಿಗೆ ಬರೆದದ್ದು

ಸಂಗೀತದ ತರಗತಿಯಲ್ಲಿ ಸದ್ದೇ ಇಲ್ಲದಿರುವುದನ್ನು ನಾನು ಮೊದಲು ಕಂಡದ್ದು ಹೈದರಾಬಾದಿನಲ್ಲಿ. ಹಿಮಾಯತ್‌ನಗರದ ಬಟ್ಟೆ ಅಂಗಡಿಯೊಂದರ ಮೇಲಿನ ಮಹಡಿ. ಹನ್ನೊಂದು ವಿದ್ಯಾರ್ಥಿಗಳು, ಹನ್ನೊಂದು ಪೆನ್ಸಿಲ್ಲು. ಮೇಷ್ಟ್ರು ಒಳಗೆ ಬಂದು, ಅರ್ಧ ಗಂಟೆಯಲ್ಲಿ ಒಂದು ಧಾಟಿ ಬರೆಯಿರಿ, ವಾದ್ಯ ಮುಟ್ಟಬೇಡಿ, ಗುನುಗಲೂ ಕೂಡದು ಎಂದರು. ಎಲ್ಲರೂ ಪಾಶ್ಚಾತ್ಯ ಸ್ವರಲಿಪಿಯ ಐದು ಗೆರೆಯ ಹಾಳೆಯ ಮೇಲೆ ಬಗ್ಗಿದರು. ಆಮೇಲೆ ರಬ್ಬರು ಉಜ್ಜುವ ಸಪ್ಪಳ ಬಿಟ್ಟರೆ ಏನೂ ಇಲ್ಲ. ತಪ್ಪಿ ಗಣಿತದ ಪರೀಕ್ಷೆಗೆ ಬಂದು ಕೂತೆನೇನೋ ಅನ್ನಿಸಿತು. ನನ್ನ ಬೆರಳುಗಳು ತೊಡೆಯ ಮೇಲೆ ತಾವಾಗಿಯೇ ಪೇಟಿ ನುಡಿಸುತ್ತಿದ್ದವು. ಮೇಷ್ಟ್ರು ನೋಡಿ, "ಬೆರಳೂ ಬೇಡ" ಎಂದರು.

ಪೇಟಿ ಎಂದರೆ ಹಾರ್ಮೋನಿಯಂ. ನಮ್ಮ ಬಾಗಲಕೋಟೆಯವರಿಗೆ ಇದನ್ನು ಹೇಳಬೇಕಾಗಿಲ್ಲ. ಅಪ್ಪನ ತಮ್ಮ ರಾಮಣ್ಣ ಕಾಕಾ ಭಜನೆ ಹಾಡುತ್ತಾನೆ. ಹನ್ನೆರಡನೆಯ ವಯಸ್ಸಿನಿಂದ ಅವನ ಪಕ್ಕದಲ್ಲಿ ಪೇಟಿ ನನ್ನದು. ಎಂ.ಎ. ಮುಗಿಸಿ ಹೈಸ್ಕೂಲಿಗೆ ಸಂಗೀತ ಶಿಕ್ಷಕಿಯಾಗಿ ಸೇರಿದ ಮೇಲೂ ಅದು ತಪ್ಪಲಿಲ್ಲ. ಬೇರೆಯವರ ಹಾಡಿನ ಹಿಂದೆ ಹೋಗುವುದು ಸಾಕಾಗಿ, ನನ್ನದೇ ಒಂದು ಬರೆಯಬೇಕು ಎಂಬ ಆಸೆಯಿಂದ ಹೈದರಾಬಾದಿಗೆ ಹೋದೆ ಎಂದು ಈಗ ಎಲ್ಲರಿಗೂ ಹೇಳುತ್ತೇನೆ. ಆಗಲೂ ಅದೇ ಕಾರಣವಿತ್ತೋ, ಕೇಳಿದವರಿಗೆ ಹೇಳಿ ಹೇಳಿ ಹಾಗಾಯಿತೋ, ಖಾತ್ರಿಯಿಲ್ಲ. ಖಾತ್ರಿ ಇರುವುದು ಇಷ್ಟು: ಶಾಲೆ ಕೊಟ್ಟದ್ದು ಒಂದು ವರ್ಷದ ರಜೆ, ಅದರ ಮೇಲೆ ಒಂದು ದಿನವೂ ಇಲ್ಲ.

ಸಂಗೀತ ರಚನೆ ಕಲಿಸುವ ಆ ಒಂದು ವರ್ಷದ ತರಗತಿಯ ನಿಯಮ ಹೀಗಿತ್ತು. ವರ್ಷದ ಕೊನೆಗೆ ಪ್ರತಿಯೊಬ್ಬರೂ ಒಂದು ವಾದ್ಯಕ್ಕೆ ಒಂದು ರಚನೆ ಬರೆಯಬೇಕು. ಬರೆದವರು ನುಡಿಸುವಂತಿಲ್ಲ, ಹೊರಗಿನ ವಾದಕರೊಬ್ಬರು ಹಾಳೆ ನೋಡಿಕೊಂಡು ಎಲ್ಲರ ಮುಂದೆ ನುಡಿಸಬೇಕು. ನಡುವೆ ನಿಂತುಹೋದರೆ ವರ್ಷ ಮತ್ತೆ ಓದಬೇಕು. ನನಗೆ ಇನ್ನೊಂದು ವರ್ಷ ಇರಲಿಲ್ಲ.

ಮನೆ ಸಿಕ್ಕಿದ್ದು ಕೊಂಡಾಪುರದಲ್ಲಿ, ನಾನು ಚಿಕ್ಕಮ್ಮನಂತೆ ಕಾಕು ಎಂದು ಕರೆಯುತ್ತಿದ್ದ ಹುಬ್ಬಳ್ಳಿಯ ಶಕುಂತಲಾ ಅವರ ಫ್ಲ್ಯಾಟಿನ ಒಂದು ಕೋಣೆ. ಅವರ ಯಜಮಾನರು ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿದ್ದವರು. ಇಬ್ಬರೂ ಅಲ್ಲಿಗೆ ಹೋಗಿ ಮೂವತ್ತು ವರ್ಷವಾಗಿದೆ. ಬಾಗಲಕೋಟೆಯಲ್ಲಿ ಪಕ್ಕದ ಮನೆಯವರು ಏನು ಒಗ್ಗರಣೆ ಹಾಕಿದರು ಎಂಬುದು ನಮಗೆ ಗೊತ್ತಾಗುತ್ತಿತ್ತು. ಅಲ್ಲಿ ಎದುರು ಬಾಗಿಲಿನವರ ಮುಖ ಕಾಣಲು ಎರಡು ತಿಂಗಳು ಬೇಕಾಯಿತು. ಮೊದಲ ದಿನಗಳಲ್ಲಿ ಕಾಕು ಬಿಟ್ಟರೆ ನನ್ನ ಜೊತೆ ಮಾತಾಡುತ್ತಿದ್ದವರು ಆಟೋದವರು ಮಾತ್ರ. ಆಮೇಲೆ ಒಂದು ಸಂಜೆ ಮುಖ್ಯರಸ್ತೆಯ ಗಾಡಿಯೊಂದರಲ್ಲಿ ಹೆಂಗಸೊಬ್ಬಳು ಜೋಳದ ರೊಟ್ಟಿ ಬಡಿಯುವ ಸಪ್ಪಳ ಕೇಳಿತು. ಅಲ್ಲಿ ಅದು ಜೊನ್ನ ರೊಟ್ಟೆ. ನಮ್ಮದಕ್ಕಿಂತ ಮೆತ್ತಗೆ, ದಪ್ಪ. ಕಾಕುಗೆ ಒಂದು ತಂದುಕೊಟ್ಟೆ. ಅವರು ತಿರುಗಿಸಿ ನೋಡಿ, "ಇದೇನ ರೊಟ್ಟಿನೋ, ಹಾಸಗೀನೋ?" ಎಂದರು. ಆದರೂ ಪೂರ್ತಿ ತಿಂದರು.

ಅಪಾರ್ಟ್‌ಮೆಂಟಿನ ಕೆಳಗೆ ಹೋದ ಮದುವೆ ಮೆರವಣಿಗೆಯೊಂದರಲ್ಲಿ ಕ್ಲಾರಿನೆಟ್ ಕೇಳಿ, ನನ್ನ ರಚನೆ ಅದಕ್ಕೇ ಎಂದು ನಿಶ್ಚಯಿಸಿದೆ. ಮನೆಯಲ್ಲಿ ಪೇಟಿಯ ಮೇಲೆ ನುಡಿಸಿ ನೋಡುತ್ತ ಎರಡು ಪುಟ ಬರೆದೆ. ಒಂದು ಧಾಟಿ ಮುಗಿಯುವುದರೊಳಗೆ ಇನ್ನೊಂದು ಹುಟ್ಟುತ್ತಿತ್ತು. ವರ್ಷದ ಕೊನೆಯ ಆ ಪ್ರಯೋಗಕ್ಕೆ ಮೂರು ವಾರವಿದ್ದಾಗ ಮೇಷ್ಟ್ರು ನನ್ನನ್ನು, ಅದನ್ನು ನುಡಿಸಲಿದ್ದ ಮಸ್ತಾನ್ ಭಾಯ್ ಹತ್ತಿರ ಕಳಿಸಿದರು. ಮದುವೆ ಬ್ಯಾಂಡಿನ ಕ್ಲಾರಿನೆಟ್ ವಾದಕರು, ಅರವತ್ತು ದಾಟಿದವರು, ಐದು ಗೆರೆಯ ಹಾಳೆಯನ್ನು ಸರಾಗವಾಗಿ ಓದಬಲ್ಲವರು. ಓದಲು ಕಲಿತದ್ದು ಯಾವಾಗ ಎಂದು ಕೇಳಿದರೆ "ಪರ್ಸೋಂ" ಎಂದರು. ಪರ್ಸೋಂ ಎಂದರೆ ಹಿಂದಿಯಲ್ಲಿ ಮೊನ್ನೆ. ಹೈದರಾಬಾದಿನವರ ಬಾಯಲ್ಲಿ ಅದು ಮೊನ್ನೆಯೂ ಆಗಬಹುದು, ನಲವತ್ತು ವರ್ಷದ ಹಿಂದೆಯೂ ಆಗಬಹುದು. ನೆನಪಿನ ಬಗ್ಗೆ ಇಷ್ಟು ಪ್ರಾಮಾಣಿಕವಾದ ಮಾತು ನಮ್ಮ ಕಡೆ ಇಲ್ಲ.

ಅವರು ನುಡಿಸತೊಡಗಿದರು. ಎರಡು ಸಾಲು ಚೆನ್ನಾಗಿ ಹೋಯಿತು. ಮೂರನೆಯದರಲ್ಲಿ ಕತ್ತಿನ ನರ ಉಬ್ಬಿತು. ನಾಲ್ಕನೆಯದರ ನಡುವೆ ವಾದ್ಯ ಬಾಯಿಂದ ತೆಗೆದು ಕೆಮ್ಮಿದರು.

"ಬೇಟಾ, ದಮ್ ಕಿಧರ್ ಲೇನಾ?"

ಮಗಳೇ, ಉಸಿರು ಎಲ್ಲಿ ತೆಗೆದುಕೊಳ್ಳಲಿ? ನಾನು ಹಾಳೆ ನೋಡಿದೆ. ಎರಡು ಪುಟದಲ್ಲಿ ಒಂದೇ ಒಂದು ವಿರಾಮದ ಗುರುತೂ ಇರಲಿಲ್ಲ.

"ಪೇಟಿಯಲ್ಲಿ ಬರುತ್ತಿತ್ತಲ್ಲ" ಎಂದು ನನ್ನ ಹರಕು ಹಿಂದಿಯಲ್ಲಿ ಹೇಳಿದೆ.

"ಪೇಟೀ ಕೂ ಹಾತ್ ಹವಾ ದೇತಾ. ಮೇರೇ ಕೂ ಕೌನ್ ದೇತಾ?" ಪೇಟಿಗೆ ಕೈ ಗಾಳಿ ಕೊಡುತ್ತದೆ, ನನಗೆ ಯಾರು ಕೊಡುತ್ತಾರೆ?

ಅವರು ಸಿಟ್ಟಿನಿಂದ ಹಾಳೆ ಎಸೆದರು ಎಂದು ನನ್ನ ನೆನಪು. ಅಂದಿನ ದಿನಚರಿ ತೆಗೆದು ನೋಡಿದರೆ ಬೇರೆಯೇ ಇದೆ: ಅವರು ನಕ್ಕರು, ಹಾಳೆ ಮಡಚಿ ಕೊಟ್ಟರು, ಇರಾನಿ ಚಹಾ ತರಿಸಿದರು. ನೆನಪಿನೊಳಗೆ ಸಿಟ್ಟು ಬಂದದ್ದು ನನ್ನ ನಾಚಿಕೆಯಿಂದ ಇರಬೇಕು.

ಬಸ್ಸಿನಲ್ಲಿ ಮರಳುವಾಗ ನನ್ನ ತಪ್ಪಿನ ಮೂಲ ಹೊಳೆಯಿತು. ಕಾಕಾ ಸಾಲಿನ ಕೊನೆಗೆ ಉಸಿರೆಳೆದುಕೊಳ್ಳುವಾಗ ಆ ಜಾಗವನ್ನು ಪೇಟಿ ತುಂಬಬೇಕು, ಕೇಳುವವರಿಗೆ ಖಾಲಿ ಕಾಣಬಾರದು. ಹಾಡುವವರಿಗೆ ಪೇಟಿಯಲ್ಲಿ ಸಾಥ್ ಕೊಡುವವರ ಕಸುಬೇ ಅದು. ಹದಿನೈದು ವರ್ಷ ನಾನು ಇನ್ನೊಬ್ಬರ ಉಸಿರನ್ನು ಮುಚ್ಚಿದ್ದೆ. ಚೆನ್ನಾಗಿ ಮುಚ್ಚುತ್ತೇನೆ ಎಂದು ಹೊಗಳಿಸಿಕೊಂಡಿದ್ದೆ.

ಮನೆಗೆ ಬಂದು ಪ್ರತಿ ಎಂಟು ಮಾತ್ರೆಗೆ ಒಂದೊಂದು ಉಸಿರಿನ ಗುರುತು ಹಾಕಿದೆ. ಮುಂದಿನ ವಾರ ಮಸ್ತಾನ್ ಭಾಯ್ ನುಡಿಸಿ, "ಸಿಟಿ ಬಸ್ ಹೈ ಕ್ಯಾ? ಹರ್ ಸ್ಟಾಪ್ ಪೇ ರುಕ್ ರೈ" ಎಂದರು. ಸಿಟಿ ಬಸ್ಸಿನಂತೆ ಪ್ರತಿ ಸ್ಟಾಪಿನಲ್ಲೂ ನಿಲ್ಲುತ್ತಿದೆಯಂತೆ. ಪೇಟಿ ಮುಚ್ಚಿಡು, ಮೆಟ್ಟಿಲು ಹತ್ತುತ್ತ ಹಾಡಿ ನೋಡು ಎಂದು ಹೇಳಿ ಕಳಿಸಿದರು.

ನಮ್ಮದು ಐದನೆಯ ಮಹಡಿ. ಮರುದಿನ ಬೆಳಿಗ್ಗೆ ಹಾಳೆ, ಪೆನ್ಸಿಲ್ಲು ಹಿಡಿದು ಹಾಡುತ್ತ ಹತ್ತಿದೆ. ಎಲ್ಲಿ ದಮ್ಮು ಹಿಡಿಯಿತೋ ಅಲ್ಲಿ ಗುರುತು. ಇಳಿದು ಮತ್ತೆ ಹತ್ತಿದೆ. ಎರಡನೆಯ ಮಹಡಿಯ ತೆಲುಗಿನ ಅಮ್ಮ ಬಾಗಿಲು ತೆರೆದು, "ಏಮೈಂದಮ್ಮಾ, ಲಿಫ್ಟ್ ಪನಿ ಚೇಸ್ತಲೇದಾ?" ಎಂದು ಕೇಳಿದರು, ಲಿಫ್ಟ್ ಕೆಟ್ಟಿದೆಯೇ ಎಂದು. ಅವರ ಜೊತೆ ನನ್ನ ಮೊದಲ ಮಾತು ಅದು. ಮೇಲೆ ಕಾಕು ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು.

"ಏನ ಸುಮಿ, ಮೆಟ್ಟಲಾ ಏರಕೋತ ಹಾಡಾಕತ್ತಿ? ಮಂದಿ ಏನಂದಾರು?"

"ಪರೀಕ್ಷಾಕ್ಕರೀ ಕಾಕು."

"ಎಂಥಾ ಪರೀಕ್ಷಾನೋ ನಿಂದು! ಪೊಲೀಸ್ ಕೆಲಸಕ್ಕ ಸೇರಾಕೀ ಹಂಗ ಕಾಣಸ್ತಿ."

ಬರೆಯುವಾಗ ಇಲ್ಲಿ ಉಸಿರು ಬೇಕಾಗುತ್ತದೆ ಎಂದುಕೊಂಡ ಕಡೆ ಬೇಕಾಗಲಿಲ್ಲ. ಬೇಕಾದ ಕಡೆ ಒಂದು ಸ್ವರವನ್ನಾದರೂ ತೆಗೆಯದೆ ಜಾಗ ಮಾಡಲಾಗುತ್ತಿರಲಿಲ್ಲ. ಹೀಗೆ ನಾಲ್ಕು ದಿನದಲ್ಲಿ ಎರಡು ಪುಟ ಒಂದೂಕಾಲು ಪುಟವಾಯಿತು. ನನಗೆ ಅತಿ ಇಷ್ಟವಾದ, ಸ್ವರಗಳ ಉದ್ದನೆಯ ಇಳಿಕೆಯೊಂದನ್ನು ಮೂರು ತುಂಡು ಮಾಡಬೇಕಾಯಿತು. ಅದನ್ನು ಮಾಡಿದ ದಿನ ಊಟ ಸೇರಲಿಲ್ಲ.

ಪ್ರಯೋಗದ ದಿನ ಬರೆದವರು ಕೊನೆಯ ಸಾಲಿನಲ್ಲಿ ಬಾಯಿಮುಚ್ಚಿ ಕೂರಬೇಕು. ಮಸ್ತಾನ್ ಭಾಯ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ಮೊದಲ ಸಾಲು, ಉಸಿರು. ಎರಡನೆಯ ಸಾಲು, ಉಸಿರು. ತುಂಡಾದ ಇಳಿಕೆಯ ಎರಡನೆಯ ತುಂಡು ಮುಗಿಸಿ ಅವರು ವಾದ್ಯವನ್ನು ತುಟಿಯಿಂದ ಸರಿಸಿದರು. ನಾನು ಬರೆದ ಗುರುತಿಗಿಂತ ಹೆಚ್ಚು ಹೊತ್ತು ಸುಮ್ಮನಿದ್ದರು. ನಿಂತುಹೋಯಿತು, ಮುಗಿಯಿತು ನನ್ನ ವರ್ಷ ಎಂದು ಕುರ್ಚಿಯ ಅಂಚು ಹಿಡಿದೆ. ಕೆಳಗಿನ ರಸ್ತೆಯ ಹಾರನ್ನು ಕೇಳಿತು. ಆಗ ಅವರು ಎದೆ ತುಂಬಾ ಗಾಳಿ ಎಳೆದುಕೊಂಡರು. ಅದು ಕೊನೆಯ ಸಾಲಿನವರೆಗೂ ಕೇಳಿಸಿತು. ಮೂರನೆಯ ತುಂಡು ಇಳಿಯಿತು, ಮೆಲ್ಲಗೆ, ನಾನು ಪೇಟಿಯಲ್ಲಿ ಒಮ್ಮೆಯೂ ನುಡಿಸದ ಹಾಗೆ. ಅಲ್ಲಿಂದ ಕೊನೆಯವರೆಗೆ ಎಲ್ಲೂ ತಡೆಯಲಿಲ್ಲ.

ಪಾಸಾದೆ. ಮೆಟ್ಟಿಲಲ್ಲಿ ಮಸ್ತಾನ್ ಭಾಯ್ ಸಿಕ್ಕಾಗ ಅಲ್ಲೇಕೆ ಅಷ್ಟು ತಡ ಮಾಡಿದಿರಿ ಎಂದು ಕೇಳಿದೆ. "ಉಮರ್ ಹೋಗಯಾ ಬೇಟಾ" ಎಂದು ನಕ್ಕರು. ವಯಸ್ಸಾಯಿತಂತೆ. ಅದು ನಿಜವೋ, ಬೇಕೆಂದೇ ಮಾಡಿದ್ದೋ, ನನಗೆ ತಿಳಿಯದು. ಅಂದಿನ ದಿನಚರಿಯಲ್ಲಿ ನಾನು ಬರೆದುಕೊಂಡದ್ದು ಇಷ್ಟೇ: "ಆಯ್ತು. ಹಗುರಾಗಿದೆ."

ಕಳೆದ ತಿಂಗಳು ಬಾಗಲಕೋಟೆಗೆ ಮರಳಿ ಬಂದೆ. ಶಾಲೆ ಸೇರಿದ ವಾರವೇ, ಸೋಮವಾರ ಸಂಜೆ ಗುಡಿಯಲ್ಲಿ ಕಾಕಾನ ಭಜನೆ. ಪೇಟಿ ನನ್ನ ಮುಂದೆ ಬಂತು. ಅವನು ಮೊದಲ ಸಾಲು ಮುಗಿಸಿ ಉಸಿರೆಳೆದುಕೊಂಡ. ನನ್ನ ಕೈ ತುಂಬಲಿಲ್ಲ. ಅವನ ಉಸಿರು ಇಡೀ ಗುಡಿಗೆ ಕೇಳಿತು. ಅವನಿಗೆ ಎಪ್ಪತ್ತರ ಹತ್ತಿರ ಎಂಬುದು ಆಗ ನೆನಪಾಯಿತು.

ಕಾಕಾ ತಿರುಗಿ ನೋಡಿದ. "ಯಾಕವ್ವಾ, ಬಿಟ್ಟಿ? ಒಂದ ವರ್ಷಾ ಹೋಗಿ ಕೂತು, ಬಿಡೂದನ್ನ ಕಲತ ಬಂದಿಯೇನ?"

"ಹೌದ ಕಾಕಾ, ಅದನ್ನ ಕಲತ ಬಂದೀನಿ."

ತಾಳದವರೆಲ್ಲ ನಕ್ಕರು. ಮುಂದಿನ ಸಾಲಿನ ಕೊನೆಗೆ ತುಂಬಿದೆ. ಕೈಗೆ ಎಲ್ಲವೂ ನೆನಪಿತ್ತು, ಅದರಿಂದ ಸಮಾಧಾನವಾಯಿತು. ಅದರ ಮುಂದಿನದಕ್ಕೆ ಬಿಟ್ಟೆ. ಈ ಸಲ ಕಾಕಾ ತಿರುಗಲಿಲ್ಲ. ಕಣ್ಣು ಮುಚ್ಚಿ, ನಿಧಾನವಾಗಿ ಉಸಿರೆಳೆದುಕೊಂಡು, ಮತ್ತೆ ಹಾಡಿದ.